ಕುಣಿಗಲ್ಲಿನ ನಾಲಿಗೆ, ನನ್ನ ಹೊಟ್ಟೆಕಿಚ್ಚು

ಹೊಟ್ಟೆ ಉರಿದುಕೊಳ್ಳಬೇಕಾದರೆ ಕೆಲವರು ಕಾರಣ ಹುಡುಕಿಕೊಂಡು ಹೋಗಬೇಕು. ನನಗೆ ಆ ಶ್ರಮವೇ ಇರಲಿಲ್ಲ. ತುಮಕೂರಿನ ಹೆಂಡದ ಡಿಪೋದಲ್ಲಿ ನಾನಿದ್ದಷ್ಟು ಕಾಲವೂ ಅದು ಹಾಲಿನವನ ಹಾಗೆ ದಿನಾ ಬೆಳಿಗ್ಗೆ ತಾನಾಗಿಯೇ ಬಾಗಿಲಿಗೆ ಬರುತ್ತಿತ್ತು.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುತ್ತಿದ್ದ ಕಾಲ. ನನ್ನ ಕೆಲಸ ರುಚಿ ನೋಡುವುದು. ಈಚಲು ಮರದಿಂದ ಇಳಿಸಿದ ಹೆಂಡ ಬೆಳಕು ಹರಿಯುತ್ತಲೇ ಮಡಕೆಗಳಲ್ಲಿ ಡಿಪೋಗೆ ಬರುತ್ತಿತ್ತು. ಒಂದೊಂದು ಮಡಕೆಯಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಆ ದವಡೆಗೂ ಈ ದವಡೆಗೂ ಓಡಾಡಿಸಿ, ಪಕ್ಕದ ಮೋರಿಗೆ ಉಗಿದು, 'ಇದು ಇವತ್ತಿಂದು', 'ಇದು ನಿನ್ನೇದು', 'ಇದಕ್ಕೆ ನೀರು ಬಿದ್ದಿದೆ' ಎಂದು ತೀರ್ಪು ಕೊಡಬೇಕು. ನಾನು ಹ್ಞೂಂ ಅಂದದ್ದು ಅಂಗಡಿಗೆ, ಊಹೂಂ ಅಂದದ್ದು ವಾಪಸ್ಸು. ಹೆಂಡದ ಗುತ್ತಿಗೆ ಹಿಡಿದಿದ್ದ ಕಂಟ್ರಾಕ್ಟರು ತಾವೇ ಜೀಪು ಓಡಿಸಿಕೊಂಡು ಈಚಲು ವನಗಳನ್ನು ನೋಡಲು ಹೊರಟರೆ ಮುಂದಿನ ಸೀಟಿನಲ್ಲಿ, ಅವರ ಪಕ್ಕದಲ್ಲಿ, ನಾನು. ಬಿ.ಎಚ್. ರಸ್ತೆಯಲ್ಲಿ ಹೋಗುವಾಗ ಪರಿಚಯದವರಿಗೆ ಕಾಣಲಿ ಅಂತ ಮೊಣಕೈ ಹೊರಗೆ ಹಾಕಿ ಕೂರುತ್ತಿದ್ದೆ.

ಆಮೇಲೆ ತುಮಕೂರು, ಗುಬ್ಬಿಯ ಜೊತೆಗೆ ಕಂಟ್ರಾಕ್ಟರು ಹರಾಜಿನಲ್ಲಿ ಕುಣಿಗಲ್ ತಾಲ್ಲೂಕಿನ ಗುತ್ತಿಗೆಯನ್ನೂ ಹಿಡಿದರು. ತಾಲ್ಲೂಕಿನ ಜೊತೆಗೆ ಅಲ್ಲಿ ರುಚಿ ನೋಡುತ್ತಿದ್ದವನೂ ಬಂದ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಡಿಪೋಗೆ ಸೇರಿ ಒಬ್ಬನೇ ಸಾಕು, ಇನ್ನೊಬ್ಬ ಮಡಕೆ ತೊಳೆಸುವುದನ್ನು ನೋಡಿಕೊಳ್ಳಲಿ, ಯಾರು ಅಂತ ನಿಧಾನವಾಗಿ ತೀರ್ಮಾನ ಮಾಡೋಣ ಎಂದರು ಕಂಟ್ರಾಕ್ಟರು. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

೧. ಬಂಡೆ ಪಕ್ಕದ ಮರ

ಕುಣಿಗಲ್ಲಿನವನು ನನಗಿಂತ ಚಿಕ್ಕವನು, ಸಣಕಲ. ಬಂದವನೇ ನನ್ನ ಕಾಲಿಗೆ ಬಿದ್ದ. 'ನೀವು ದೊಡ್ಡೋರು ಅಣ್ಣಾ, ನಿಮ್ ಕೈ ಕೆಳ್ಗೆ ಕಲ್ತ್ಕೋತೀನಿ' ಅಂದ. ವಿನಯವಂತರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಬೈಯುವುದಕ್ಕೆ ಜಾಗವನ್ನೇ ಬಿಡುವುದಿಲ್ಲ.

ಮೊದಲ ದಿನವೇ ಹುತ್ರಿದುರ್ಗದ ಕಡೆಯಿಂದ ಒಂದು ಮಡಕೆ ಬಂತು. ನಾನು ಬಾಯಾಡಿಸಿ, ಉಗಿದು, 'ಚೆನ್ನಾಗಿದೆ' ಅಂದೆ. ಅವನೂ ಒಂದು ಗುಟುಕು ತಗೊಂಡ. ಉಗಿಯಲಿಲ್ಲ, ನುಂಗಿದ. ಕಣ್ಣು ಮುಚ್ಚಿದ. ಡಿಪೋದವರೆಲ್ಲ ಕೆಲಸ ಬಿಟ್ಟು ಹತ್ತಿರ ಬಂದರು.

'ಇದು ಬಂಡೆ ಪಕ್ಕದ ಮರದ್ದು' ಅಂದ. 'ಬಂಡೆ ಕಾವು ಹೊಡ್ದೈತೆ. ಅದ್ಕೇ ಕೊನೇಲಿ ವಸಿ ಒಗರು.'

ಕಂಟ್ರಾಕ್ಟರು ಹೆಂಡ ತಂದವನ ಕಡೆ ತಿರುಗಿ, 'ಹೌದೇನ್ಲಾ?' ಅಂದರು.

ಅವನು ಕೈ ಮುಗಿದು, 'ಹೌದು ಬುದ್ಧಿ, ಬಂಡೆ ಪಕ್ಕದ್ದೇಯಾ' ಅಂದ.

ಎಲ್ಲರೂ ಕುಣಿಗಲ್ಲಿನವನ ಬಾಯಿಯನ್ನೇ ನೋಡುತ್ತ ನಿಂತುಬಿಟ್ಟರು. ನನ್ನ ಬಾಯಿಯನ್ನು ಅಷ್ಟು ವರ್ಷದಲ್ಲಿ ಯಾರೂ ಹಾಗೆ ನೋಡಿರಲಿಲ್ಲ. ನಾನು ಸುಮ್ಮನಿರಲಾರದೆ ಹೆಂಡ ತಂದವನನ್ನು ಡಿಪೋ ಹಿಂದಕ್ಕೆ ಕರೆದುಕೊಂಡು ಹೋಗಿ, 'ನಿಜ ಹೇಳು, ಅವನಿಗೆ ಮೊದಲೇ ಹೇಳಿದ್ದೆ ತಾನೆ?' ಅಂತ ಕೇಳಿದೆ.

'ಇಲ್ಲ ಸಾಮಿ, ನಾನ್ಯಾಕೆ ಹೇಳ್ಲಿ? ನಮ್ಮೂರಲ್ಲಿ ಬಂಡೆ ಪಕ್ಕ ಇಲ್ದಿರೋ ಮರ ಎಲ್ಲೈತೆ?'

ನನಗೆ ಸಿಕ್ಕ ಸಂತೋಷ ಅಷ್ಟಿಷ್ಟಲ್ಲ. ಓಡಿಹೋಗಿ ಕಂಟ್ರಾಕ್ಟರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, 'ಅಷ್ಟು ಸುಲಭವಾಗಿದ್ರೆ ನೀನ್ಯಾಕಯ್ಯಾ ಹೇಳ್ಲಿಲ್ಲ?' ಅಂದರು.

ಆ ವಾರ ಜೀಪಿನ ಹಿಂದುಗಡೆ ಖಾಲಿ ಡ್ರಮ್ಮುಗಳ ಜೊತೆ ಕೂತುಕೊಂಡು ಹೋದೆ. ಮೊಣಕೈ ಹೊರಗೆ ಹಾಕುವುದಕ್ಕೆ ಅಲ್ಲಿ ಕಿಟಕಿಯೇ ಇರಲಿಲ್ಲ.

೨. ಒಳ್ಳೆ ನೀರು

ಇನ್ನೊಂದು ದಿನ ಒಂದು ಮಡಕೆಯಿಂದ ಗುಟುಕು ಬಾಯಿಗೆ ಹಾಕಿಕೊಂಡ ತಕ್ಷಣವೇ ನನಗೆ ಗೊತ್ತಾಯಿತು. 'ಇದಕ್ಕೆ ನೀರು ಬೆರೆಸಿದ್ದಾನೆ' ಎಂದು ಕೂಗಿದೆ. ತಂದವನು ಸೂರು ಹಾರಿಹೋಗುವ ಹಾಗೆ ಗಲಾಟೆ ಮಾಡಿದ. ಅವನ ತಾತನ ಕಾಲದಿಂದ ಒಂದು ಹನಿ ನೀರು ಬೆರೆಸಿಲ್ಲವಂತೆ, ನನ್ನ ಬಾಯಿಗೆ ಜ್ವರ ಬಂದಿದೆಯಂತೆ. ಕಂಟ್ರಾಕ್ಟರು ನನ್ನ ಮುಖ ನೋಡಿ, 'ನಿಂಗೆ ಹುಷಾರಿಲ್ವೇನಯ್ಯಾ?' ಅಂದರು.

ಆಗ ಕುಣಿಗಲ್ಲಿನವನು ಮುಂದೆ ಬಂದ. ಒಂದು ಗುಟುಕು ನುಂಗಿದ. ತುಟಿ ಸವರಿಕೊಂಡ. ಬಹಳ ಮೃದುವಾಗಿ, 'ನೀರೇನೋ ಬೆರ್ಸವ್ರೆ ಯಜಮಾನ್ರೆ. ಆದ್ರೆ ಒಳ್ಳೆ ನೀರು. ಮಾರ್ಕೋನಳ್ಳಿ ಕಾಲುವೇದು' ಅಂದ.

ಹೆಂಡ ತಂದವನಿಗೆ ರೇಗಿಹೋಯಿತು. 'ಕಾಲುವೆ ನೀರಾ? ದನ ತೊಳೆಯೋ ನೀರ್ನ ನಾನು ಹಾಕ್ತೀನಾ? ನಮ್ ಬಾವಿ ನೀರು ಬುದ್ಧಿ, ದೇವ್ರಾಣೆ! ಸೋಸಿ ಹಾಕಿವ್ನಿ!'

ಡಿಪೋದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಂಟ್ರಾಕ್ಟರು ಕುಣಿಗಲ್ಲಿನವನ ಬೆನ್ನು ತಟ್ಟಿದರು. ನಾನು ಅವರ ಹತ್ತಿರ ಹೋಗಿ, ನೀರು ಬಿದ್ದಿದೆ ಎಂದು ಮೊದಲು ಹೇಳಿದ್ದು ನಾನು, ಕಾಲುವೆಯದು ಎಂದು ಅವನು ಹೇಳಿದ್ದು ಶುದ್ಧ ತಪ್ಪು ಎಂದು ಲೆಕ್ಕ ಒಪ್ಪಿಸಿದೆ.

'ನೀನು ಸರಿಯಾಗಿ ಹೇಳಿ ಏನ್ ಬಂತು?' ಅಂದರು ಕಂಟ್ರಾಕ್ಟರು. 'ಅವ್ನು ತಪ್ಪು ಹೇಳಿದ್ರೂ ಕಳ್ಳ ಸಿಕ್ಕ.'

೩. ನುಂಗುವ ವಿದ್ಯೆ

ಗುಟ್ಟೆಲ್ಲ ಇರುವುದು ಅವನು ಉಗಿಯದೆ ನುಂಗುವುದರಲ್ಲಿಯೇ ಎಂದು ನನಗೆ ಖಾತ್ರಿಯಾಯಿತು. ರುಚಿ ಗಂಟಲಿನಲ್ಲಿ ಇರಬೇಕು, ನಾನು ಇಷ್ಟು ದಿನ ಅದನ್ನು ಮೋರಿಗೆ ಹಾಕುತ್ತಿದ್ದೆ. ಮಾರನೆಯ ಬೆಳಿಗ್ಗೆಯಿಂದ ನಾನೂ ನುಂಗಲು ಶುರು ಮಾಡಿದೆ.

ಮೊದಲ ಸಾಲಿನ ಮಡಕೆಗಳು ಮುಗಿಯುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹೆಂಡ ತಂದವರೆಲ್ಲ ಬಹಳ ಒಳ್ಳೆಯವರಾಗಿ ಕಂಡರು. ಒಬ್ಬನ ಭುಜ ಹಿಡಿದುಕೊಂಡು, ನಿನ್ನಂಥವನು ಈ ಜಿಲ್ಲೆಯಲ್ಲೇ ಇಲ್ಲ ಅಂದೆನಂತೆ. ಕೊನೆಯಲ್ಲಿ ಮಡಕೆ ತೊಳೆಯಲು ಇಟ್ಟಿದ್ದ ಬಕೆಟ್ಟಿನಿಂದ ಒಂದು ಲೋಟ ಮೊಗೆದು ಕುಡಿದು, 'ಇದು ನಂಬರ್ ಒನ್! ಇದನ್ನು ಯಜಮಾನರ ಮನೆಗೆ ಕಳಿಸಿ' ಎಂದು ತೀರ್ಪು ಕೊಟ್ಟೆನಂತೆ.

ಕುಣಿಗಲ್ಲಿನವನೇ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ತಂದು ಬಿಟ್ಟ. ಅವನೂ ನನ್ನಷ್ಟೇ ನುಂಗಿದ್ದ, ನೆಟ್ಟಗೆ ನಡೆಯುತ್ತಿದ್ದ. ಅದನ್ನು ನೋಡಿ ಆ ಸ್ಥಿತಿಯಲ್ಲೂ ನನಗೆ ಹೊಟ್ಟೆ ಉರಿಯಿತು.

ನನ್ನ ಹೆಂಡತಿ ನಮ್ಮ ಬೀದಿಯಲ್ಲಿ ನಾನು ಹೆಂಡದ ಡಿಪೋದಲ್ಲಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ. 'ನಮ್ಮನೆಯವರು ಪರೀಕ್ಷೆ ಮಾಡೋ ಡಿಪಾರ್ಟ್‌ಮೆಂಟಲ್ಲಿದಾರೆ' ಅನ್ನುತ್ತಿದ್ದಳು. ಎದುರುಮನೆಯ ಮೇಷ್ಟರು ಗೇಟಿನ ಹತ್ತಿರ ನಿಂತಿದ್ದವರು ನಾನು ಆಟೋದಿಂದ ಇಳಿದ ರೀತಿ ನೋಡಿ, ಬಹಳ ಮರುಕದಿಂದ ಕೇಳಿದರು:

'ಏನ್ರೀ, ಇವತ್ತಿನ ಪರೀಕ್ಷೆ ತುಂಬಾ ಕಷ್ಟ ಇತ್ತಾ?'

೪. ಬಸ್ಸಾರು

ಗಂಡನನ್ನು ಜೋಪಾನವಾಗಿ ಮನೆ ತಲುಪಿಸಿದನಲ್ಲ ಎಂದು ನನ್ನ ಹೆಂಡತಿ ಅವನನ್ನು ಭಾನುವಾರ ಊಟಕ್ಕೆ ಕರೆದಳು. ನಾನು ಬೇಡ ಅಂದೆ. ಮನೆಯಲ್ಲಿ ನನ್ನ ಮಾತು ನಡೆದ ದಾಖಲೆ ಇಲ್ಲ.

ಬಸ್ಸಾರು, ಮುದ್ದೆ. ಅವನು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಡಿಪೋದಲ್ಲಿ ಮಾಡುವ ಹಾಗೆಯೇ ಕಣ್ಣು ಮುಚ್ಚಿದ. ನನ್ನ ಹೆಂಡತಿ ಸೌಟು ಹಿಡಿದುಕೊಂಡು ನಿಂತಳು.

'ಅತ್ತಿಗೆ' ಅಂದ, 'ಇದು ಪುಸ್ತಕ ನೋಡಿ ಮಾಡಿದ್ ಸಾರಲ್ಲ. ನಿಮ್ ತಾಯಿ ಕೈಯಿಂದ ಬಂದದ್ದು.'

ನನ್ನ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಬಸ್ಸಾರನ್ನು ತಾಯಿಯಿಂದ ಕಲಿಯದೆ ಇನ್ಯಾರಿಂದ ಕಲಿಯುತ್ತಾರೆ, ಹುತ್ರಿದುರ್ಗದ ಬಂಡೆಯ ಹಾಗೆಯೇ ಇದೂ ಎಂದು ಹೇಳಬೇಕೆನ್ನಿಸಿತು. ಹೇಳುವುದರೊಳಗೆ ನನ್ನ ತಟ್ಟೆಗೆ ಬರಬೇಕಿದ್ದ ತುಪ್ಪ ಅವನ ತಟ್ಟೆಗೆ ಹೋಗಿಯಾಗಿತ್ತು.

ಅವನು ಹೋದ ಮೇಲೆ ಅವಳು, 'ರುಚಿ ನೋಡೋದೇ ನಿಮ್ಮ ಕೆಲಸ. ಮದುವೆಯಾದಾಗಿನಿಂದ ಒಂದು ದಿನಾನಾದ್ರೂ ನನ್ನ ಅಡುಗೆ ಬಗ್ಗೆ ಬಾಯಿ ಬಿಟ್ಟಿದೀರಾ?' ಅಂತ ಕೇಳಿದಳು.

'ಯಾಕೆ, ನೀರು ಜಾಸ್ತಿ ಆಗಿದೆ ಅಂತ ಹೋದ ವಾರ ಹೇಳಿದ್ನಲ್ಲ' ಅಂದೆ. ಅವತ್ತು ಸಂಜೆ ಕಾಫಿ ನಾನೇ ಮಾಡಿಕೊಂಡೆ.

೫. ಕತ್ತಾಳೆ

ಕಂಟ್ರಾಕ್ಟರ ಭಾಮೈದ ಹಡಗಿನಲ್ಲಿ ಕೆಲಸಕ್ಕಿದ್ದ. ರಜಕ್ಕೆ ಬಂದವನು ಒಂದು ಸುದ್ದಿ ತಂದ. ಮೆಕ್ಸಿಕೋ ಅಂತ ಒಂದು ದೇಶದಲ್ಲಿ ಕತ್ತಾಳೆಯಿಂದ ಮದ್ಯ ಮಾಡುತ್ತಾರಂತೆ. ಸುಮ್ಮನೆ ಕುಡಿಯುವುದಿಲ್ಲವಂತೆ. ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ತಿಳಿದವರು ಕೂತು, ಪುಟ್ಟ ಲೋಟ ಹಿಡಿದು, ಮೊದಲು ಬಣ್ಣ ನೋಡಿ, ಆಮೇಲೆ ಮೂಸಿ, ಆಮೇಲೆ ಒಂದೇ ಒಂದು ಗುಟುಕು ತಗೊಂಡು, ಅದರ ಮೇಲೆ ಅರ್ಧ ಗಂಟೆ ಮಾತಾಡುತ್ತಾರಂತೆ. ಹೊಗೆ ವಾಸನೆ ಬಂದಷ್ಟೂ ಮರ್ಯಾದೆ ಹೆಚ್ಚಂತೆ.

'ಕತ್ತಾಳೆ ಅಂದ್ರೆ ನಮ್ಮ ಬೇಲಿ ಕತ್ತಾಳೇನಾ?' ಅಂದರು ಕಂಟ್ರಾಕ್ಟರು. ಅವರ ಕಣ್ಣು ಹೊಳೆಯಿತು. ಗುಬ್ಬಿ ಕಡೆ ಹೊಲದ ಬದುವಿನ ತುಂಬ ಅದೇ ತಾನೆ? ನಮ್ಮಿಬ್ಬರನ್ನೂ ಕರೆದು, 'ಗುಬ್ಬಿ ಡಿಪೋದಲ್ಲಿ ಇದನ್ನ ಮಾಡಿ ನೋಡೋಣ. ಇದರ ರುಚಿ ಯಾರು ಸರಿಯಾಗಿ ಹೇಳ್ತಾರೋ ಮೂರೂ ಡಿಪೋಗೆ ಅವ್ರೇ. ಲೈಸೆನ್ಸು ಗೀಸೆನ್ಸು ಆಮೇಲೆ ನೋಡ್ಕೊಳ್ಳೋಣ' ಅಂದರು.

ಅಲ್ಲಿಯವರು ಕತ್ತಾಳೆಯ ಗೆಡ್ಡೆಯನ್ನು ಕಿತ್ತು ಸುಡುತ್ತಾರೆ ಎಂದು ಭಾಮೈದ ಹೇಳಿದ್ದ. ಆದರೆ ಗುಬ್ಬಿಯ ಹೊಲದವನು ಗೆಡ್ಡೆಗೆ ಕೈ ಹಾಕಲು ಬಿಡಲಿಲ್ಲ. 'ಬೇಲಿ ಕಿತ್ರೆ ದನ ನುಗ್ತಾವೆ ಸಾಮಿ. ಎಲೆ ಎಷ್ಟು ಬೇಕಾದ್ರೂ ಕುಯ್ಕೊಂಡ್ ಹೋಗಿ' ಅಂದ. ನಮಗೂ ಅದೇ ಸರಿ ಅನ್ನಿಸಿತು. ನಾವು ಹುಟ್ಟಿದಾಗಿನಿಂದ ನೋಡಿದ್ದು ನಾರಿಗಾಗಿ ಕತ್ತಾಳೆಯ ಎಲೆ ಜಜ್ಜುವುದನ್ನೇ. ಎಲೆ ಜಜ್ಜಿಸಿ, ರಸ ಹಿಂಡಿಸಿ, ಹುಳಿ ಬರಲಿ ಎಂದು ಸ್ವಲ್ಪ ಹಳೆಯ ಹೆಂಡ ಸೇರಿಸಿ ಮಡಕೆಯ ಬಾಯಿ ಕಟ್ಟಿದೆವು. ಮರ್ಯಾದೆ ಕಡಿಮೆಯಾಗಬಾರದೆಂದು ತೆಂಗಿನ ಸಿಪ್ಪೆಯ ಹೊಗೆಯನ್ನೂ ಹಾಕಿಸಿದೆವು. ಜಜ್ಜಿದ ಆಳುಗಳು ಮೊಣಕೈವರೆಗೂ ಪರಪರ ಕೆರೆದುಕೊಳ್ಳುತ್ತಿದ್ದರು. 'ಹೊಸ ಕೆಲ್ಸ, ಅಭ್ಯಾಸ ಆಗ್ಬೇಕು' ಅಂದರು ಕಂಟ್ರಾಕ್ಟರು.

ಆ ದಿನ ಬಂತು. ಗುಬ್ಬಿ ಡಿಪೋದಲ್ಲಿ ಮೇಜು, ಮೇಲೆ ಬಿಳಿ ಪಂಚೆ, ಎರಡು ಲೋಟ. ಲೋಟದಲ್ಲಿ ಹಸಿರು ಬಣ್ಣದ್ದೇನೋ ನೊರೆಯಾಡುತ್ತಿತ್ತು. ಕುಣಿಗಲ್ಲಿನವನು ತನ್ನ ಲೋಟವನ್ನು ಮೂಗಿನ ಹತ್ತಿರ ತಂದು, 'ಅಣ್ಣಾ, ದೊಡ್ಡೋರು ನೀವು, ನೀವೇ ಮೊದ್ಲು' ಅಂದ. ಬೇರೆ ದಿನವಾಗಿದ್ದರೆ ಆ ವಿನಯವನ್ನು ಅನುಮಾನಿಸುತ್ತಿದ್ದೆ. ಅವತ್ತು ಅವನಿಗಿಂತ ಮುಂಚೆ ತೀರ್ಪು ಕೊಡುವ ಆತುರ. ಮೂಸಲಿಲ್ಲ, ಬಣ್ಣ ನೋಡಲಿಲ್ಲ, ಒಂದು ಗುಟುಕು ಒಳಗೆ ಬಿಟ್ಟೆ.

ಬಾಯಿಯ ತುಂಬ ಸೂಜಿ. ನಾಲಿಗೆ ಉರಿಯಿತು, ಆಮೇಲೆ ಊದಲು ಶುರುವಾಯಿತು. ಉಗಿಯೋಣವೆಂದರೆ ತುಟಿ ಮಾತು ಕೇಳಲಿಲ್ಲ. ಕಣ್ಣಿನಿಂದ ಧಾರಾಕಾರ ನೀರು. ಬೇಡ, ಕುಡಿಯಬೇಡಿ ಅಂತ ಹೇಳಲು ಎರಡೂ ಕೈ ಮೇಲೆತ್ತಿ ಆಡಿಸಿದೆ.

ಕಂಟ್ರಾಕ್ಟರು ಎದ್ದು ನಿಂತರು. 'ನೋಡ್ರಯ್ಯಾ! ಇವ್ನು ಮಾತಿಲ್ದೆ ನಿಂತಿದ್ದನ್ನ ನಾನು ಯಾವತ್ತೂ ಕಂಡಿಲ್ಲ. ಆನಂದಕ್ಕೆ ಅಳ್ತಾ ಅವ್ನೆ. ಇದು ಗೆದ್ದಂಗೆ! ಇವ್ನೂ ಗೆದ್ದಂಗೆ!'

ಆಗ ನಾನು ಕುಣಿಗಲ್ಲಿನವನ ಮುಖ ನೋಡಿದೆ. ವಿನಯ ಎಲ್ಲ ಇಳಿದುಹೋಗಿತ್ತು. ತುಟಿ ಬಿಗಿದಿತ್ತು, ಮೂಗು ಅರಳಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ದಿನಾ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡುತ್ತಿದ್ದೆ. ಅವನು ತನ್ನ ಲೋಟ ತಗೊಂಡು ನಾನು ಕುಡಿದದ್ದಕ್ಕಿಂತ ಕಡಿಮೆ ಆಗಬಾರದೆಂದು ಪೂರ್ತಿ ಗಟಗಟ ಕುಡಿದುಬಿಟ್ಟ. ಅವನು ಉಗಿಯುವವನಲ್ಲ ಎಂದು ಮೊದಲೇ ಹೇಳಿದ್ದೇನೆ.

ತುಮಕೂರಿನ ಆಸ್ಪತ್ರೆಗೆ ಜೀಪು ಹಾರಿಕೊಂಡು ಬಂತು. ಅವನ ಸ್ಥಿತಿ ಹೆಚ್ಚು ಕೆಟ್ಟದ್ದೆಂದು ಮುಂದೆ ಅವನು, ಹಿಂದೆ ನಾನು. ಡಾಕ್ಟರು ಮೊದಲು ನನ್ನ ಬಾಯಿ ನೋಡಿ, 'ಏನೂ ಆಗಿಲ್ಲ, ತಾನಾಗೇ ಇಳಿಯತ್ತೆ' ಅಂದರು. ಅವನ ಬಾಯಿ ತೆರೆಸಿದವರೇ 'ಅಬ್ಬಬ್ಬಾ!' ಅಂದು, ವಾರ್ಡಿನಲ್ಲಿದ್ದ ಬೇರೆ ಡಾಕ್ಟರನ್ನು, ನರ್ಸುಗಳನ್ನು ಎಲ್ಲ ಕರೆದರು. 'ಬನ್ನಿ, ಬನ್ನಿ, ನೋಡಿ ಇಲ್ಲಿ! ನನ್ನ ಸರ್ವೀಸಲ್ಲಿ ಇಂಥಾ ನಾಲಿಗೆ ನೋಡಿಲ್ಲ!'

ಅವನ ಮಂಚದ ಸುತ್ತ ಜನವೋ ಜನ. ನನ್ನ ಹೆಂಡತಿ ಓಡೋಡಿ ಬಂದವಳು ನನ್ನನ್ನು ದಾಟಿಕೊಂಡು ಹೋಗಿ, 'ಅಯ್ಯೋ ನನ್ನಪ್ಪಾ, ಇನ್ನು ಸಾರಿನ ರುಚಿ ಹೇಗೆ ನೋಡ್ತೀಯಾ?' ಎಂದು ಅತ್ತಳು. ಕಂಟ್ರಾಕ್ಟರು ಎಳನೀರು ತಂದು ಅವನ ಕೈಗೇ ಕೊಟ್ಟು, ನನ್ನ ಕಡೆ ತಿರುಗಿ, 'ಮೂರೂ ಡಿಪೋಗೆ ಇವ್ನೇ ಕಣಯ್ಯಾ. ನಂಗೋಸ್ಕರ ಲೋಟ ಪೂರ್ತಿ ಖಾಲಿ ಮಾಡವ್ನೆ. ನೀನು ಒಂದ್ ಗುಟುಕಿಗೇ ನಿಲ್ಲಿಸ್ದೆ' ಅಂದರು.

ಮೊದಲು ಕುಡಿದದ್ದು ನಾನು, ಅವನು ಕುಡಿದದ್ದು ನನ್ನ ಮೇಲಿನ ಹೊಟ್ಟೆಕಿಚ್ಚಿಗೆ, ಎಂದು ಕಿರುಚಬೇಕೆನ್ನಿಸಿತು. ಮಾತು ಹೊರಡಲಿಲ್ಲ. ನನ್ನದೂ ಊದಿದೆ, ಒಂದು ಸಲವಾದರೂ ನೋಡಲಿ ಎಂದು ಮಂಚದ ಮೇಲೆ ಎದ್ದು ಕೂತು, ಎಷ್ಟು ಚಾಚಲು ಆಗುತ್ತದೋ ಅಷ್ಟೂ ನಾಲಿಗೆ ಚಾಚಿ, ಬೆರಳಿನಿಂದ ತೋರಿಸಿದೆ. ಅವನ ಕಡೆ ಹೋಗುತ್ತಿದ್ದ ಒಬ್ಬ ನರ್ಸಮ್ಮ ಮಾತ್ರ ನನ್ನ ಹತ್ತಿರ ನಿಂತು, ಚೆನ್ನಾಗಿ ನೋಡಿ, ಹೇಳಿದಳು:

'ಒಳಗಿಟ್ಕೊಳ್ರೀ, ನೊಣ ಕೂರತ್ತೆ.'