ಮಾವನ ಅಮೆರಿಕದ ಅಣ್ಣ ಮತ್ತು ಹೊಸ ಪ್ಲೇಟು

ನಮ್ಮ ಸೋದರಮಾವನಿಗೆ ಅಮೆರಿಕದಲ್ಲಿ ಒಬ್ಬ ಅಣ್ಣನಿದ್ದ. ಈ ಸಂಗತಿ ಇಡೀ ದೇವದುರ್ಗಕ್ಕೆ ಗೊತ್ತಿತ್ತು, ಅರ್ಧ ಮಾನ್ವಿಗೆ ಗೊತ್ತಿತ್ತು, ರಾಯಚೂರು ಬಸ್ಸಿನ ಕಂಡಕ್ಟರುಗಳಿಗೂ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಆ ಅಮೆರಿಕದ ಅಣ್ಣ!

ಮಾವನದು ದೇವದುರ್ಗದಲ್ಲಿ ಮೈಕ್ ಸೆಟ್ಟಿನ ಅಂಗಡಿ. ಎಪ್ಪತ್ತರ ದಶಕದಲ್ಲಿ ಮೈಕ್ ಸೆಟ್ ಇಲ್ಲದ ಮದುವೆಯನ್ನು ಯಾರಾದರೂ ಮದುವೆ ಎನ್ನುತ್ತಿದ್ದರೇ? ವರ ತಡವಾಗಿ ಬಂದರೆ ನಡೆಯುತ್ತಿತ್ತು, ಮಾವ ತಡವಾಗಿ ಬರುವಂತಿರಲಿಲ್ಲ. ಗ್ರಾಮಫೋನಿನ ಹಾಡಿನ ಪ್ಲೇಟುಗಳನ್ನು ಅವನು ರಾಯಚೂರಿನ ರೇಡಿಯೋ ಅಂಗಡಿಯ ಚಾಚಾ ಒಬ್ಬರಲ್ಲಿ ಕೊಳ್ಳುತ್ತಿದ್ದ. ಚಾಚಾ ಹೈದರಾಬಾದಿನಿಂದ ತರಿಸುತ್ತಿದ್ದರು. ಒಮ್ಮೆ ಹಳೆಯ ಪ್ಲೇಟುಗಳ ಗಂಟಿನೊಳಗೆ ಒಂದು ಇಂಗ್ಲಿಷ್ ಪ್ಲೇಟು ಬಂತು. ಕವರಿನ ಮೇಲೆ ಗಿಟಾರು ಹಿಡಿದು ಕೂತ ಒಬ್ಬ ಕಪ್ಪು ಮನುಷ್ಯ. ಅವನ ಹಿಂದೆ ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಒಡೆದ ಹತ್ತಿ ಹೊಲ.

"ಇದಕ್ಕ ಬ್ಲೂಸ್ ಅಂತಾರ, ಅಮೆರಿಕದ ಕರಿ ಮಂದಿ ಹಾಡು. ಗಿರಾಕಿ ಇಲ್ಲ. ಬ್ಯಾಡಾಗಿದ್ರ ಇಲ್ಲೇ ಬಿಟ್ಟು ಹೋಗ್ರಿ," ಎಂದರು ಚಾಚಾ.

ಮಾವ ಹಾಡು ಕೇಳುವ ಮೊದಲೇ ಹೊಲ ನೋಡಿಬಿಟ್ಟಿದ್ದ. "ನಮ್ಮಂಗ ಹತ್ತಿ ಬಿಡಿಸೋ ನಾಡಿನಾಂವ ಅದಾನ್ರಿ. ನಮ್ಮಾಂವನ್ನ ಬ್ಯಾಡ ಅಂದ್ರ ಹೆಂಗ?" ಎಂದು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅಂದಿನಿಂದ ಅವನು ಮಾವನಿಗೆ ಅಣ್ಣನಾದ.

ಆದರೆ ಆ ಪ್ಲೇಟಿನಲ್ಲಿ ಉದ್ದಕ್ಕೂ ಒಂದು ಗೀರು. ಅಣ್ಣ ಹಾಡಲು ಶುರು ಮಾಡಿ, ಇನ್ನೇನು ದನಿ ಏರಬೇಕು ಎನ್ನುವಾಗ ಒಂದೇ ಮಾತನ್ನು ಹಿಡಿದುಕೊಂಡು ಕೂತುಬಿಡುತ್ತಿದ್ದ. ಅತ್ತೆ ಅಡುಗೆಮನೆಯಿಂದಲೇ ಹೇಳುತ್ತಿದ್ದಳು: "ನಿಮ್ಮಣ್ಣಗ ಬಿಕ್ಕಳಿಕಿ ಹತ್ಯಾವ ನೋಡ್ರಿ, ಒಂದ್ ತಂಬಿಗಿ ನೀರು ಕುಡಸ್ರಿ."

ಮಾವನಿಗೆ ಮಾತ್ರ ಆ ಚೂರು ಹಾಡೇ ಸಾಕಾಗಿತ್ತು. ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ, ಕೇಳಿ ಎದ್ದು ಮುಖ ತೊಳೆದುಕೊಳ್ಳುತ್ತಿದ್ದ. ಊರವರು ಬಿಡುತ್ತಾರೆಯೇ? ಚಹಾದ ಹೋಟೆಲಿನಲ್ಲಿ ಅವನ ತಲೆ ಕಂಡರೆ ಸಾಕು, ಗೌಡರ ಮನೆಯ ಒಬ್ಬ ಶುರು ಹಚ್ಚಿಕೊಳ್ಳುತ್ತಿದ್ದ. "ಅಲ್ಲಣ್ಣಾ, ನಮ್ಮ ಮಾತು ತಿಳೀದಾಂವ, ನಮ್ಮ ರೊಟ್ಟಿ ತಿನ್ನದಾಂವ, ನಿನಗ ಅಣ್ಣ ಹೆಂಗಾದ?"

ಒಂದು ದಿನ ಮಾವ ಚಹಾದ ಬಸಿ ಕೆಳಗಿಟ್ಟ. "ಚಾಚಾ ಹೈದರಾಬಾದಿನಾಗ ಕೇಳ್ಯಾರ, ಆಂವಂದು ಹೊಸ ಪ್ಲೇಟು ಬರಾಕತ್ತದ. ಬರಲಿ. ಹಾರ್ನು ಕಟ್ಟಿ ಓಣಿಗೆಲ್ಲಾ ಕೇಳಸ್ತೀನಿ. ಕೇಳಿದ ಮ್ಯಾಲೂ ಆಂವ ನಮ್ಮಾಂವ ಅಲ್ಲ ಅಂದ್ರ, ಅವತ್ತ ಮೈಕ್ ಸೆಟ್ಟು ಮಾರತೀನಿ." ಹೋಟೆಲು ಸುಮ್ಮನಾಯಿತು. ಅತ್ತೆಗೆ ಸುದ್ದಿ ಮುಟ್ಟಿದ ಮೇಲೆ ಮನೆ ಸುಮ್ಮನಾಗಲಿಲ್ಲ. ಆ ಮೈಕ್ ಸೆಟ್ಟೇ ಅವರ ಹೊಲ, ಅದೇ ಅವರ ಎತ್ತು!

ಹೊಸ ಪ್ಲೇಟು ಬರಬೇಕಲ್ಲ? ನಾನು ಆಗ ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದೆ. ವಾರಕ್ಕೊಮ್ಮೆ ಚಾಚಾನ ಅಂಗಡಿಗೆ ಹೋಗಿ ವಿಚಾರಿಸುವುದು ನನ್ನ ಪಾಲಿನ ಕೆಲಸ. ಚಾಚಾ ನನ್ನನ್ನು ಕಂಡ ಕೂಡಲೇ ಕೈಯಾಡಿಸುತ್ತಿದ್ದರು. "ಬರ್ತದಂತ ಹೇಳು ಮಾಮೂಗ. ಜರಾ ಸಬರ್ ಮಾಡಬೇಕಪ್ಪಾ, ತಡಕೋಬೇಕು." ನಾನು ಡಿಗ್ರಿ ಮುಗಿಸಿದೆ, ನೌಕರಿ ಹಿಡಿದೆ, ಎಂಬತ್ತರ ದಶಕವೂ ಬಂದುಬಿಟ್ಟಿತು. ಮಾವನ ಸಬರ್ ಮಾತ್ರ ಮುಗಿಯಲಿಲ್ಲ. ಹೊಸ ಪ್ಲೇಟಿಗೆಂದು ಒಂದು ಹೊಸ ಸೂಜಿ ತಂದು, ಹತ್ತಿಯಲ್ಲಿ ಸುತ್ತಿ ದೇವರ ಮಾಡದಲ್ಲಿ ಇಟ್ಟಿದ್ದ. ಅತ್ತೆ ದಿನಾ ಅದಕ್ಕೂ ಕುಂಕುಮ ಹಚ್ಚಬೇಕಾಗಿ ಬಂತು.

ಮಾವನದು ಒಂದೇ ಷರತ್ತು: ಬೇಸಿಗೆಯಲ್ಲಿ ತರಿಸಬಾರದು. ನಮ್ಮ ಬಿಸಿಲಿಗೆ ಪ್ಲೇಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಅಂದಮೇಲೆ ಅದು ಯಾವಾಗ ಬರಬೇಕು? ಸುಡುವ ಬೇಸಿಗೆಯಲ್ಲೇ ಬಂತು! ನಾನೂ ಮಾವನೂ ರಾಯಚೂರಿಗೆ ಓಡಿದೆವು. ಮಾವ ಪ್ಲೇಟನ್ನು ತೇವದ ಟವೆಲಿನ ಮೇಲಿಟ್ಟು, ಸುತ್ತ ಕೌದಿ ಸುತ್ತಿ, ಎದೆಗೆ ಅವಚಿಕೊಂಡು ಬಸ್ಸು ಹತ್ತಿದ. ಬಸ್ಸಿನೊಳಗೂ ಛತ್ರಿ ಬಿಚ್ಚಿದ. ಕಿಟಕಿ ಪಕ್ಕದ ಹೆಂಗಸು ಪಾಪ ಎಂದು ಎದ್ದು ಜಾಗ ಬಿಟ್ಟುಕೊಟ್ಟಳು.

"ಕೂಸಿಗೆ ಎಷ್ಟು ತಿಂಗಳಾತು ಯಣ್ಣಾ?"

"ಇನ್ನಾ ಬಾಯಿ ಬಿಟ್ಟಿಲ್ಲಬೇ. ಇವತ್ತು ಸಂಜೀಕ ಬಿಡತದ," ಎಂದ ಮಾವ, ಸ್ವಲ್ಪವೂ ನಗದೆ.

ಸಂಜೆ ಅಂಗಡಿ ಮುಂದಿನ ಬೇವಿನ ಮರಕ್ಕೆ ಹಾರ್ನು ಕಟ್ಟಿದ. ಹೋಟೆಲಿನ ಮಂದಿಯೆಲ್ಲ ಕೈಕಟ್ಟಿಕೊಂಡು ಬಂದು ನಿಂತರು, ಗೌಡರ ಮನೆಯವನು ಎಲ್ಲರಿಗಿಂತ ಮುಂದೆ. ಅತ್ತೆ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ದೇವರ ಮಾಡದ ಹೊಸ ಸೂಜಿಯನ್ನು ಸಿಕ್ಕಿಸಲು ಮಾವನಿಗೆ ಮೂರು ಸಲ ಬೇಕಾಯಿತು. ಜೀವಮಾನವಿಡೀ ಪ್ಲೇಟಿನ ಮೇಲೆ ಸೂಜಿ ಇಟ್ಟ ಕೈ ಅದು!

ಗಿಟಾರು ಎರಡು ಸಲ ನರಳಿತು. ಆಮೇಲೆ ಅವನ ದನಿ ಬಂತು. ಒಂದು ಸಾಲನ್ನು ಹೇಳಿ, ಅದನ್ನೇ ಇನ್ನೊಮ್ಮೆ ಹೇಳಿ, ಮೂರನೆಯದಕ್ಕೆ ಸೋತವನಂತೆ ದನಿ ಇಳಿಸುತ್ತಿದ್ದ. ಒಂದು ಪದವೂ ನನಗೆ ತಿಳಿಯಲಿಲ್ಲ. ಗೌಡರ ಮನೆಯವನು ನಗಲು ಬಾಯಿ ತೆರೆದ.

ಅಷ್ಟರಲ್ಲಿ ಓಣಿಯ ತುದಿಯಿಂದ ಹೆಂಗಸರು ಬಂದರು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಆ ದನಿ ಕಿವಿಗೆ ಬಿದ್ದರೆ ಯಾರೂ ಕರೆಯಬೇಕಾಗಿಲ್ಲ, ಹಂಚಿನ ಮೇಲಿನ ರೊಟ್ಟಿ ಬಿಟ್ಟು ಬರುತ್ತಾರೆ. ಹಾಗೆಯೇ ಬಂದರು, ತಲೆ ತುಂಬ ಸೆರಗು ಹೊದ್ದುಕೊಂಡು. ಮುಂದಿದ್ದ ಮುದುಕಿ ಸೀದಾ ಹೋಗಿ ಅತ್ತೆಯನ್ನು ತಬ್ಬಿಕೊಂಡಳು.

"ಯಾರು ಹೋದ್ರು ಯವ್ವಾ?"

"ಯಾರೂ ಹೋಗಿಲ್ಲಬೇ, ಅದು ಪ್ಲೇಟು ಹಾಡಾಕತ್ತದ," ಎಂದ ಮಾವ ಗಾಬರಿಯಿಂದ.

"ಪ್ಲೇಟು ಯಾಕ ಅಳತದೋ? ಒಳಗೊಬ್ಬಾಂವ ಅಳಾಕತ್ತಾನ, ನನಗ ಕಿವಿ ಇಲ್ಲೇನು?" ಎಂದಳು ಮುದುಕಿ. ಸಾವಿಗೆಂದು ತಲೆಗೆ ಸೆರಗು ಹೊದ್ದು ಬಂದವರು ಕೂರದೆ ಹಿಂದಿರುಗಬಾರದು. ಕಟ್ಟೆಯ ಮೇಲೆ ಸಾಲಾಗಿ ಕೂತರು. ಅತ್ತೆಯೂ ಅವರ ನಡುವೆ ಕೂತಳು. ಪ್ಲೇಟಿನ ಆ ಬದಿ ಮುಗಿಯುವವರೆಗೆ ಒಬ್ಬರೂ ಏಳಲಿಲ್ಲ. ಗೌಡರ ಮನೆಯವನ ಕಟ್ಟಿದ ಕೈ ಯಾವಾಗ ಬಿಚ್ಚಿತೋ, ತಲೆಯ ರುಮಾಲು ಯಾವಾಗ ಕೈಗೆ ಬಂತೋ, ಅವನಿಗೇ ಗೊತ್ತಿಲ್ಲ.

"ನಮ್ಮಾಂವನ ಅದಾನ ಬಿಡಣ್ಣಾ," ಎಂದ ಮೆಲ್ಲಗೆ. ಅಂಥ ಮಾವನಿಗೆ ಸೋದರಳಿಯನಾಗಿ ಹುಟ್ಟಿದ್ದಕ್ಕೆ ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ?

ಮುದುಕಿ ಕಣ್ಣೊರೆಸಿಕೊಂಡು ಎದ್ದಳು. "ಭಾಳ ಕಳಕೊಂಡಾನಪ್ಪಾ. ಯಾವೂರಾಂವ?"

"ದೂರದಾಂವ ಯವ್ವಾ."

"ಆ ಕಡಿ ಹೋಗೋ ಮಂದಿ ಯಾರರ ಇದ್ರ ಹೇಳಿ ಕಳಸು. ಒಬ್ಬಾಂವನ ಕುಂತು ಅಳಬ್ಯಾಡ ಅನ್ನು. ದೇವದುರ್ಗದಾಗ ನಾವೆಲ್ಲಾ ಬಂದು ಕುಂತಿದ್ವಿ ಅಂತ ಹೇಳು."

ಅಣ್ಣನ ಪರವಾಗಿ ಮಾವ ಬಗ್ಗಿ ಅವಳ ಕಾಲು ಮುಟ್ಟಿದ. "ಹೇಳತೀನಬೇ," ಎಂದ, ಅಳುತ್ತ.