ಏಳನೇ ಮನೆಯ ಒಲೆ

ಜಗತ್ತಿನಲ್ಲಿ ತೂಗುವವರಿಗೆಲ್ಲ ಒಂದು ಮರ್ಯಾದೆ ಇದೆ. ಬಂಗಾರ ತೂಗುವವನ ಮುಂದೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಹತ್ತಿ ತೂಗುವವನಿಗೆ ಚಹಾ ತರಿಸುತ್ತಾರೆ, ಆಸ್ಪತ್ರೆಯಲ್ಲಿ ಕೂಸು ತೂಗುವ ನರ್ಸಮ್ಮನ ಮುಖವನ್ನು ಇಡೀ ಮನೆತನ ನೋಡುತ್ತದೆ. ನಾನೂ ಎರಡೂವರೆ ವರ್ಷ ತೂಗುವ ಕೆಲಸ ಮಾಡಿದವನೇ. ಆದರೆ ನಾನು ತೂಗಿದ್ದು ಕಟ್ಟಿಗೆ. ಅದೂ ಮಾರುವುದಕ್ಕಲ್ಲ, ಕೊಳ್ಳುವುದಕ್ಕಲ್ಲ, ಬರೀ ಬರೆದುಕೊಳ್ಳುವುದಕ್ಕೆ. ಯಾರಾದರೂ ಆಗ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರೆ ‘ಸಂಶೋಧನೆ’ ಎಂದು ಹೇಳಿ ಮಾತು ಬದಲಿಸುತ್ತೇನೆ. ಇವತ್ತು ಮಾತ್ರ ಬದಲಿಸದೆ ಹೇಳಿಬಿಡೋಣ ಎನಿಸಿದೆ. ಹೇಳಿದರೆ ಮನಸ್ಸು ಹಗುರಾಗುತ್ತದೆಂಬ ಭ್ರಮೆ ನನಗಿಲ್ಲ. ಹಗುರವೋ ಭಾರವೋ ಎಂದು ಅಳೆಯುವ ನನ್ನ ಯೋಗ್ಯತೆಯ ಮೇಲೇ ಈಗ ನನಗೆ ನಂಬಿಕೆ ಉಳಿದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಿ.ಎಸ್ಸಿ. ಮುಗಿಸಿ, ಮದುವೆಯನ್ನೂ ಮುಗಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೆಲಸಕ್ಕಾಗಿ ಕಾಯುತ್ತಿದ್ದೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಹಳ್ಳಿಗಳ ಒಲೆಯ ಬಗ್ಗೆ ಅಧ್ಯಯನ ಮಾಡಲು ಒಬ್ಬರನ್ನು ಹುಡುಕುತ್ತಿದ್ದಾರೆಂದು ತಿಳಿದು ಅರ್ಜಿ ಹಾಕಿದೆ. ನನ್ನೊಬ್ಬನದೇ ಅರ್ಜಿ ಬಂದಿದ್ದರಿಂದ ನಾನೇ ಆಯ್ಕೆಯಾದೆ. ಕೋಗಳಿಯ ಆಚೆಗೆ ಒಂದು ಸಣ್ಣ ಊರು, ಅದರಲ್ಲಿ ಹನ್ನೆರಡು ಮನೆ. ಆರು ಮನೆಯಲ್ಲಿ ಹಳೆಯ ಒಲೆಯೇ ಇರಬೇಕು, ಉಳಿದ ಆರರಲ್ಲಿ ನಾನು ಬೆಂಗಳೂರಿನವರು ಕೊಟ್ಟ ನಕ್ಷೆ ನೋಡಿ ಹೊಗೆಯಿಲ್ಲದ ಹೊಸ ಒಲೆ ಕಟ್ಟಬೇಕು. ದಿನಾ ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಒಂದು ಹೊರೆ ಕಟ್ಟಿಗೆ ತೂಗಿಕೊಟ್ಟು, ಮರುದಿನ ಉಳಿದದ್ದನ್ನು ತೂಗಿ, ಎಷ್ಟು ಉರಿಯಿತೆಂದು ಬರೆಯಬೇಕು. ಆ ಲೆಕ್ಕದಿಂದ ಇಡೀ ತಾಲ್ಲೂಕಿನ ಲೆಕ್ಕ, ಅದರಿಂದ ರಾಜ್ಯದ್ದು, ಕೊನೆಗೆ ಆಕಾಶಕ್ಕೆ ಹೋಗುವ ಅಂಗಾರಾಮ್ಲದ ಲೆಕ್ಕ. ನನ್ನ ಕೈಯಲ್ಲಿದ್ದ ಕೊಂಡಿಯ ತಕ್ಕಡಿಗೆ ಭೂಮಂಡಲವೇ ಜೋತುಬಿದ್ದಿದೆಯೆಂದು ಮೊದಲ ತಿಂಗಳು ನನಗೆ ಅನಿಸುತ್ತಿತ್ತು.

ಊರವರಿಗೆ ಹಾಗೆ ಅನಿಸಲಿಲ್ಲ. ಕಟ್ಟಿಗೆಗೂ ಕಂದಾಯ ಬರುತ್ತದೆಂದು ಯಾರೋ ಸುದ್ದಿ ಹಬ್ಬಿಸಿದ್ದರಿಂದ ಮೊದಲ ವಾರ ಯಾರ ಮನೆಯಲ್ಲೂ ಒಂದು ಕಡ್ಡಿಯೂ ಇರಲಿಲ್ಲ. ಈ ಊರಿನ ಜನ ಏನನ್ನೂ ಬೇಯಿಸದೆ ಬದುಕಿದ್ದಾರೆಂದು ರಿಜಿಸ್ಟರಿನಲ್ಲಿ ಬರೆಯಬೇಕಾಗಿತ್ತು. ಆಮೇಲೆ ಗುಡಿಯ ಕಟ್ಟೆಯ ಮೇಲೆ ಹೆಂಗಸರನ್ನೆಲ್ಲ ಕೂರಿಸಿ, ಒಲೆಯ ಹೊಗೆ ಮೇಲೆ ಹೋಗಿ ಆಕಾಶಕ್ಕೆ ಕಂಬಳಿ ಹೊದಿಸಿದ ಹಾಗಾಗುತ್ತದೆ, ಅದರಿಂದ ಭೂಮಿ ಬಿಸಿಯಾಗುತ್ತದೆ ಎಂದು ವಿವರಿಸಿದೆ. ಎಲ್ಲರೂ ಗಂಭೀರವಾಗಿ ಕೇಳಿದರು. ಕೊನೆಗೆ ಹಿಂದೆ ಕೂತಿದ್ದ ಒಬ್ಬಾಕೆ, “ನಮ್ಮ ಹೊಗಿ ಅಲ್ಲಿತನಕ ಹೋಗತೈತೇನ್ರಿ? ಅದು ಮನಿ ಬಿಟ್ಟು ಹೊರಗ ಹೋಗವಲ್ದು” ಅಂದಳು. ಆಕೆಯೇ ಏಳನೇ ನಂಬರಿನ ಮನೆಯ ಕೊಟ್ರವ್ವ.

ಕೊಟ್ರವ್ವನಿಗೆ ಆಗ ನಲವತ್ತರ ಆಸುಪಾಸು. ಗಂಡ ಹಗರಿಬೊಮ್ಮನಹಳ್ಳಿಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳು, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಕೆಮ್ಮುವ ಅತ್ತೆ. ಹನ್ನೆರಡು ಮನೆಗಳಲ್ಲಿ ನನಗೆ ಕೂಡು ಎಂದು ಹೇಳುತ್ತಿದ್ದುದು ಆ ಮನೆಯೊಂದೇ. ನಾನು ಕೂಡು ಎಂದರೆ ಕೂಡುವವನು, ಕೇಳಿದರೆ ಹೇಳುವವನು. ಕೇಳದಿದ್ದರೂ ಹೇಳುವವನು. ಅವಳ ಜಗಲಿಯ ಮೇಲೆ ಚಹಾ ಕುಡಿಯುತ್ತ ನನ್ನ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡಿದ್ದೇನೆ. ಹೆಂಡತಿ ಬಸುರಿ, ಅವಳ ತವರಿನವರು ನನ್ನ ಕೆಲಸದ ಹೆಸರು ಕೇಳಿ ನಗುತ್ತಾರೆ, ಊರವರ ಕಟ್ಟಿಗೆ ತೂಗುವ ನನ್ನ ಮನೆಯಲ್ಲೇ ಸೀಮೆಎಣ್ಣೆಗೆ ತತ್ವಾರ, ಈ ಹೊಸ ಒಲೆಗಳು ಕೆಲಸ ಮಾಡದಿದ್ದರೆ ಯೋಜನೆಯನ್ನು ನಿಲ್ಲಿಸಿ ನನ್ನನ್ನು ಮನೆಗೆ ಕಳಿಸುತ್ತಾರೆ, ಹೀಗೆ. ಅವಳು ಸುಮ್ಮನೆ ಕೇಳುತ್ತಿದ್ದಳು. ಅತ್ತೆ ಮಾತ್ರ ಒಳಗಿನಿಂದ ಕೆಮ್ಮುತ್ತ, ಪಾಪ, ಕಲಿತ ಮಂದಿಗೂ ಹಿಂಗೇ ಏನು ಎಂದು ಮರುಗುತ್ತಿತ್ತು.

ಹೊಸ ಒಲೆಗಳನ್ನು ನಾನು ಶ್ರದ್ಧೆಯಿಂದಲೇ ಕಟ್ಟಿದೆ. ಜೇಡಿಮಣ್ಣು, ಹೊಟ್ಟು ಕಲಸಿ, ಕೊಳವೆ ಇಟ್ಟು, ಮೇಲೆ ಎರಡು ಪಾತ್ರೆಗೆ ಎರಡು ಕಂಡಿ ಮಾಡಿ, ಬಾಯಿಯನ್ನು ನಕ್ಷೆಯಲ್ಲಿದ್ದಷ್ಟೇ ಸಣ್ಣದಾಗಿ ಕೊರೆದೆ. ಆ ನಕ್ಷೆ ಬರೆದವರು ಅನ್ನ ಉಣ್ಣುವವರು. ನಮ್ಮ ಕಡೆ ರೊಟ್ಟಿ. ಜೋಳದ ರೊಟ್ಟಿಗೆ ಅಗಲ ಹೆಂಚು ಬೇಕು, ಹೆಂಚಿನ ಅಡಿಗೆಲ್ಲ ಉರಿ ಹರಡಬೇಕು, ಕೊನೆಗೆ ಒಲೆಯ ಬಾಯಿಯ ಮುಂದೆ ಕೆಂಡಕ್ಕೆ ಎದುರಾಗಿ ನಿಲ್ಲಿಸಿ ಉಬ್ಬಿಸಬೇಕು. ಹುಟ್ಟಿದಾಗಿನಿಂದ ರೊಟ್ಟಿ ತಿಂದ ನನಗೆ ಅದು ಹೊಳೆಯಲಿಲ್ಲ. ರೊಟ್ಟಿ ಎಂಬುದು ತಟ್ಟೆಯಲ್ಲೇ ಹುಟ್ಟುತ್ತದೆಂದು ನಾನು ತಿಳಿದಿದ್ದೆನೇನೋ. ಒಂದು ತಿಂಗಳೊಳಗೆ ಐದು ಮನೆಯವರು ಹಾರೆ ತಗೊಂಡು ಬಾಯಿ ಒಡೆದು ಅಗಲ ಮಾಡಿಕೊಂಡರು. ಹೊಗೆ ಮತ್ತೆ ಮನೆ ತುಂಬಿತು, ಕಟ್ಟಿಗೆ ಮೊದಲಿನಷ್ಟೇ ಉರಿಯಿತು. ಏಳನೇ ಮನೆಯ ಒಲೆಯೊಂದು ಮಾತ್ರ ನಾನು ಕಟ್ಟಿದ ಹಾಗೇ ಉಳಿಯಿತು. ಆ ಮನೆಯಲ್ಲಿ ಉರಿಯುವ ಕಟ್ಟಿಗೆ ಅರ್ಧಕ್ಕೆ ಇಳಿಯಿತು. ಅತ್ತೆಯ ಕೆಮ್ಮೂ ಕಡಿಮೆಯಾಯಿತು.

ನಮ್ಮ ಪ್ರೊಫೆಸರರು ಹೊರರಾಜ್ಯದವರು, ಕನ್ನಡದಲ್ಲಿ ‘ಸ್ವಲ್ಪ’ ಎಂಬ ಒಂದು ಪದ ಬಲ್ಲವರು, ಒಳ್ಳೆಯವರು. ಅವರು ಅಂಕಿಗಳನ್ನು ನೋಡಿ ಹಿಗ್ಗಿದರು. ಸರಿಯಾಗಿ ಬಳಸಿದರೆ ಅರ್ಧ ಉಳಿತಾಯ ಎಂಬುದಕ್ಕೆ ಏಳನೇ ಮನೆ ಸಾಕ್ಷಿ, ಉಳಿದ ಐದು ಮನೆಯವರಿಗೆ ತಿಳಿವಳಿಕೆ ಸಾಲದು ಎಂದು ತೀರ್ಮಾನಿಸಿದರು. ತಿಳಿವಳಿಕೆ ಕೊಡುವ ಕೆಲಸವೂ ಕೊಟ್ರವ್ವನ ತಲೆಗೆ ಬಂತು. ತಿಂಗಳಿಗೊಮ್ಮೆ ಉಳಿದ ಹೆಂಗಸರು ಬಂದು ಕೂರುತ್ತಿದ್ದರು, ಅವಳು ಹೊಸ ಒಲೆಯ ಮೇಲೆ ಅನ್ನ ಮಾಡಿ ತೋರಿಸುತ್ತಿದ್ದಳು. ರೊಟ್ಟಿ ಹೇಗೆ ಮಾಡುತ್ತೀ ಎಂದು ಅವರು ಯಾಕೆ ಕೇಳುವುದಿಲ್ಲವೆಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಊರಲ್ಲಿ ನಾನೊಬ್ಬನೇ.

ನನಗೆ ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ, ಶ್ರಾವಣದ ಒಂದು ಬೆಳಿಗ್ಗೆ. ಯಾವಾಗಲೂ ಬಸ್ಸಿಳಿದು ಸೈಕಲ್ ಹತ್ತಿ ಎಂಟರ ಮೇಲೆ ಊರು ಸೇರುತ್ತಿದ್ದವನು, ಅಂದು ಹಾಲಿನ ಗಾಡಿ ಸಿಕ್ಕಿದ್ದರಿಂದ ಆರು ಗಂಟೆಗೇ ಹೋಗಿದ್ದೆ. ಜಿಟಿಜಿಟಿ ಮಳೆ. ಏಳನೇ ಮನೆಯ ಹಿತ್ತಲಲ್ಲಿ ಹೊಗೆ ಕಾಣಿಸಿತು. ಹೋಗಿ ನೋಡಿದರೆ ಕೊಟ್ರವ್ವ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಮೂರು ಕಲ್ಲಿನ ಮುಂದೆ ಕೂತು, ಒದ್ದೆ ಹತ್ತಿಕಟ್ಟಿಗೆಯನ್ನು ಊದುತ್ತ ರೊಟ್ಟಿ ಬಡಿಯುತ್ತಿದ್ದಳು. ಕಣ್ಣುಗಳು ಕೆಂಡದ ಹಾಗೆ ಕೆಂಪಾಗಿದ್ದವು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ವರ್ಷದಿಂದ ರೊಟ್ಟಿಯೆಲ್ಲ ಇಲ್ಲೇ, ನಾನು ತೂಗದ ಹತ್ತಿಕಟ್ಟಿಗೆಯಲ್ಲಿ, ನಾನು ಬರುವ ಮೊದಲೇ ಆಗಿಹೋಗುತ್ತಿತ್ತು. ನನ್ನ ಒಲೆಯ ಮೇಲೆ ಚಹಾ ಮತ್ತು ಸಾರು ಮಾತ್ರ.

ಯಾಕೆ ಹೀಗೆ ಮಾಡಿದೆ, ಉಳಿದವರ ಹಾಗೆ ಒಡೆಯಬಾರದಿತ್ತೇ ಎಂದು ಕೇಳಿದೆ.

“ಎಲ್ಲಾರೂ ಒಡದ್ರ ನಿಮ್ಮ ಕೆಲಸ ಹೋಕ್ಕೈತಿ ಅಂದಿದ್ರಲ್ರಿ,” ಅಂದಳು. “ಮನ್ಯಾಗ ಹೆಂಡ್ತಿ ಬಸರಿ ಅದಾಳ ಅಂದಿದ್ರಿ. ಕೂಸು ಹುಟ್ಟಿ ಒಂದೀಟು ದೊಡ್ಡದಾಗಲಿ, ಆಮ್ಯಾಲ ಒಡಿಯಾಣ ಅಂದ್ಕಂಡೆ.”

ನನ್ನ ಮಗಳಿಗೆ ಆಗ ಎಂಟು ತಿಂಗಳು. ಒಳಗಿನಿಂದ ಅತ್ತೆ, ಒಲೆ ಹಾಕಿದ ಮೇಲೆ ತನ್ನ ಕೆಮ್ಮು ಎಷ್ಟು ಕಡಿಮೆಯಾಗಿದೆಯೆಂದು ಆ ದಿನವೂ ಹೇಳಿತು. ಹೊಗೆಯನ್ನೆಲ್ಲ ಹೊರಗೆ ಸೊಸೆ ಕುಡಿಯುತ್ತಿದ್ದಳಲ್ಲ, ಕೆಮ್ಮು ಕಡಿಮೆಯಾಗದೆ ಏನು. ನಾನು ಉಳಿದ ಕಟ್ಟಿಗೆಯನ್ನು ತೂಗಿ, ಬಂದ ಅಂಕಿಯನ್ನು ಬರೆದುಕೊಂಡು ಹೊರಟೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದಳು. “ಒಬ್ಬಾಕಿ ಮಳ್ಯಾಗ ಕುಂತು ನಮ್ಮನಿ ಒಲಿ ಉರಿಸ್ಯಾಳ. ನೀವು ಒಂದು ಕಾಗದ ಬರೀರಿ,” ಅಂದಳು. ಅಷ್ಟೇ ಅಂದಳು, ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ನಾನು ಪ್ರೊಫೆಸರರಿಗೆ ಕಾಗದ ಬರೆದೆ. ಮೊದಲನೆಯದರಲ್ಲಿ ಇಂಗ್ಲಿಷ್ ಸರಿಯಿರಲಿಲ್ಲ, ಎರಡನೆಯದರಲ್ಲಿ ಧ್ವನಿ ಸರಿಯಿರಲಿಲ್ಲ, ಮೂರನೆಯದರಲ್ಲಿ ಎರಡೂ ಸರಿಯಿದ್ದವು, ಅಂಚೆಚೀಟಿ ಇರಲಿಲ್ಲ. ಹೀಗೆ ಎರಡು ತಿಂಗಳಾಯಿತು. ಅಷ್ಟರಲ್ಲಿ ಅವರೇ ಬರುತ್ತಿರುವುದಾಗಿ ಪತ್ರ ಬಂತು. ಜೊತೆಗೆ ಹವಾಮಾನದ ನೀತಿ ರೂಪಿಸುವ ಸಮಿತಿಯ, ಕನ್ನಡ ಬಾರದ ಇಬ್ಬರು, ಅದರಲ್ಲಿ ಒಬ್ಬರು ವಿದೇಶದ ಹೆಂಗಸು. ಏಳನೇ ಮನೆಯನ್ನು ಕಣ್ಣಾರೆ ನೋಡಿ, ಇದೇ ಒಲೆಯನ್ನು ಸುತ್ತಲಿನ ತಾಲ್ಲೂಕುಗಳಿಗೆಲ್ಲ ಹಾಕಿಸಬೇಕೆಂದು ಶಿಫಾರಸು ಮಾಡುವವರಿದ್ದರು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಹೇಡಿಗಳಿಗೆ ಹೊಳೆಯುವ ಉಪಾಯಗಳು ಯಾವಾಗಲೂ ನೋಡುವುದಕ್ಕೆ ಬಹಳ ಉದಾತ್ತವಾಗಿರುತ್ತವೆ. ಕೊಟ್ರವ್ವನ ಬಳಿ ಹೋಗಿ, ನನ್ನ ಕೆಲಸದ ಚಿಂತೆ ಬಿಡು, ಅವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು ಎಂದೆ. ನಾನು ಬರೆಯಲಾರದ ಕಾಗದವನ್ನು ಅವಳ ಬಾಯಿಂದ ಹೇಳಿಸುವ ಹಂಚಿಕೆ. ಖರೇನೇನ್ರಿ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೌದೆಂದೆ.

ಅವರು ಬಂದ ದಿನ ಮನೆಯ ಮುಂದೆ ಊರೇ ನೆರೆದಿತ್ತು. ಕೊಟ್ರವ್ವ ಹಸಿರು ಸೀರೆ ಉಟ್ಟಿದ್ದಳು. ಪ್ರೊಫೆಸರರು ಮಸಿಯಿಲ್ಲದ ಒಲೆಯನ್ನು ತೋರಿಸಿ ಎಷ್ಟು ಸ್ವಚ್ಛ ನೋಡಿ ಎಂದರು. ವಿದೇಶದ ಹೆಂಗಸು ನೆಲದ ಮೇಲೆಯೇ ಕೂತು, ಕೊಟ್ರವ್ವನ ಮುಖ ನೋಡುತ್ತ, ಈ ಒಲೆಯಿಂದ ಈಕೆಗೇನಾದರೂ ತೊಂದರೆಯಿದೆಯೇ ಕೇಳಿ ಎಂದು ನನಗೆ ಹೇಳಿದರು. ನಾನು ಕೇಳಿದೆ. ಕೊಟ್ರವ್ವ ಹೇಳತೊಡಗಿದಳು. ಹೆಂಚು ಕೂಡುವುದಿಲ್ಲ ಎಂಬುದರಿಂದ ಹಿಡಿದು, ಬಾಯಿ ಇನ್ನು ನಾಲ್ಕು ಬೆರಳು ಅಗಲವಿದ್ದು ಮುಂದೆ ಕೆಂಡಕ್ಕೆ ಜಾಗವಿದ್ದಿದ್ದರೆ ಈ ಒಲೆ ಬಂಗಾರದಂಥದ್ದು ಎಂಬುದರವರೆಗೆ, ಒಂದೂ ಬಿಡದೆ, ಯಾರನ್ನೂ ಬೈಯದೆ ಹೇಳಿದಳು. ನಮ್ಮ ಸಂಸ್ಥೆಯಲ್ಲಿ ಯಾರೂ ಒಲೆಯ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮುಗಿಸಿ ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆ ನೋಡಿದರು. ಪ್ರೊಫೆಸರರು ನನಗೆ ಕೆಲಸ ಕಾಯಂ ಮಾಡಿಸುವ ಮಾತನ್ನು ಅಂದು ಬೆಳಿಗ್ಗೆಯಷ್ಟೇ ಜೀಪಿನಲ್ಲಿ ಆಡಿದ್ದರು.

ತೊಂದರೆ ಏನೂ ಇಲ್ಲ, ಬಹಳ ಸಂತೋಷವಾಗಿದ್ದಾಳೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಬಂದವರೆಲ್ಲ ನಕ್ಕರು. ವಿದೇಶದ ಹೆಂಗಸು ಕೊಟ್ರವ್ವನ ಕೈ ಹಿಡಿದು ಅಲುಗಿಸಿದರು. ಅವಳು ಆ ನಗುವನ್ನು ನೋಡಿದಳು, ನನ್ನನ್ನು ನೋಡಿದಳು. ಜೀಪು ಹೋದ ಮೇಲೆ ನಾನು ತಕ್ಕಡಿ ಎತ್ತಿಕೊಳ್ಳುತ್ತಿದ್ದಾಗ ಬಾಗಿಲಿಗೆ ಬಂದು ನಿಂತು, “ಸರ್, ನಾ ಹೇಳಿದ್ದು ಭಾಳ ಉದ್ದ ಇತ್ತು. ನೀವು ಹೇಳಿದ್ದು ಸಣ್ಣದಾತು,” ಅಂದಳು. ಇಂಗ್ಲಿಷಿನಲ್ಲಿ ಮಾತು ಹಾಗೆ ಗಿಡ್ಡವಾಗುತ್ತದೆ ಎಂದೆ. ಹೌದೇನ್ರಿ ಎಂದು ಒಳಗೆ ಹೋದಳು.

ಮರುದಿನ ಹೋದಾಗ ಒಲೆ ಒಡೆದಿತ್ತು. ಅದೇ ಜಾಗದಲ್ಲಿ ಹಳೆಯ ಒಲೆ ಎದ್ದಿತ್ತು, ಅತ್ತೆ ಕೆಮ್ಮುತ್ತಿತ್ತು. ಕೊಟ್ರವ್ವ ಎಂದಿನ ಹಾಗೆ ಕಟ್ಟಿಗೆಯ ಹೊರೆ ತಂದು ಮುಂದಿಟ್ಟಳು, ಕೂಡು ಎನ್ನಲಿಲ್ಲ. ಅದರ ಮರುದಿನ ಉಳಿದದ್ದನ್ನು ತೂಗಿದೆ. ಆ ಮನೆಯಿಂದ ನಾನು ಬರೆದುಕೊಂಡ ನಿಜವಾದ ಅಂಕಿ ಒಂದು ವರ್ಷಕ್ಕೂ ಮೇಲೆ ಅದೊಂದೇ. ಅದನ್ನು ಒಂದಕ್ಷರ ತಿದ್ದದೆ ಬೆಂಗಳೂರಿಗೆ ಕಳಿಸಿದೆ. ಇಷ್ಟಾದರೂ ಮಾಡಿದೆನಲ್ಲ ಎಂದು ಎರಡು ದಿನ ಸಮಾಧಾನದಿಂದ ಊಟ ಮಾಡಿದೆ. ಹದಿನೈದು ದಿನಕ್ಕೆ ಉತ್ತರ ಬಂತು. ಏಳನೇ ಮನೆಯ ಕೊನೆಯ ಅಂಕಿ ಉಳಿದವಕ್ಕೆ ಹೊಂದುವುದಿಲ್ಲ, ತೂಗುವಾಗ ತಪ್ಪಾಗಿರಬೇಕು, ಅದನ್ನು ಕೈಬಿಟ್ಟಿದ್ದೇವೆ, ಇನ್ನು ಮುಂದೆ ಎಚ್ಚರದಿಂದ ಕೆಲಸ ಮಾಡುವುದು ಎಂದಿತ್ತು. ನಾನು ಎಚ್ಚರದಿಂದಲೇ ಮಾಡಿದೆ. ಕೆಲಸ ಕಾಯಂ ಆಯಿತು. ಆ ಒಲೆಗಳು ಕೂಡ್ಲಿಗಿ, ಹಡಗಲಿಯ ಕಡೆಗೆಲ್ಲ ಹೋದವು. ಮುಂದೆ ಹೊಂಗೆ ಎಣ್ಣೆಯ ಬೇರೊಂದು ಯೋಜನೆಗೆ ಹರಪನಹಳ್ಳಿಗೆ ಹೋದಾಗ, ಅವುಗಳಲ್ಲಿ ಕೋಳಿ ಮೊಟ್ಟೆ ಇಟ್ಟದ್ದನ್ನು ನೋಡಿದ್ದೇನೆ. ಕೋಳಿಗಳಿಗೆ ಬಾಯಿಯ ಅಳತೆ ಸರಿಹೊಂದಿತ್ತು.

ಹತ್ತು ವರ್ಷದ ಮೇಲೆ, ಒಂದು ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ. ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡಿದ್ದ ಹೆಂಗಸನ್ನು ಮಗಳು ಕೈಹಿಡಿದು ತಂದು ನನ್ನ ಪಕ್ಕದಲ್ಲಿ ಕೂರಿಸಿ, ಬಸ್ಸು ವಿಚಾರಿಸಲು ಹೋದಳು. ಕೊಟ್ರವ್ವ. ಕಣ್ಣಿನ ಆಪರೇಷನ್ ಆಗಿತ್ತು. ಅದು ಹೊಗೆಯಿಂದಾದದ್ದೋ ವಯಸ್ಸಿನಿಂದಾದದ್ದೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ನಾನು ಕೆಮ್ಮಿದ್ದು ಕೇಳಿ ಇನ್ನೊಂದು ಕಣ್ಣನ್ನು ಕಿರಿದು ಮಾಡಿ ನನ್ನನ್ನೇ ನೋಡಿದಳು.

“ನಮ್ಮನಿಗಿ ಬರತಿದ್ದ ಸರ್ ಅಲ್ಲೇನ್ರಿ?”

“ಅಲ್ಲಮ್ಮ,” ಎಂದೆ.

ಬೇಜಾರು ಮಾಡಿಕೊಳ್ಳಬೇಡಿರೆಂದು ಅವಳೇ ಸಮಾಧಾನ ಹೇಳಿದಳು. ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಿಂದೆ ಒಬ್ಬರು ಸರ್ ತಮ್ಮ ಮನೆಗೆ ದಿನಾ ಬರುತ್ತಿದ್ದರು, ಅವರಿಗೊಂದು ಹೆಣ್ಣುಕೂಸು ಹುಟ್ಟಿತ್ತು, ಈಗ ಶಾಲೆಗೆ ಹೋಗುತ್ತಿರಬೇಕು ಎಂದಳು. ಹೇಗಿದ್ದರು ಆ ಸರ್ ಎಂದು ನಾನೇ ಕೇಳಿದೆ. ಯಾಕೆ ಕೇಳಿದೆನೋ.

“ಕೆಟ್ಟೋರೇನಲ್ರಿ,” ಅಂದಳು. “ಪಾಪ, ಭಾಳ ಅಂಜತಿದ್ರು.”

ಅಷ್ಟರಲ್ಲಿ ನನ್ನ ಬಸ್ಸು ಬಂತು ಎಂದು ಬರೆದು ಮುಗಿಸೋಣವೆನಿಸುತ್ತದೆ. ಬರಲಿಲ್ಲ. ಇನ್ನೂ ಅರ್ಧ ಗಂಟೆ ಅವಳ ಪಕ್ಕದಲ್ಲೇ, ಬೇರೆ ಯಾರೋ ಆಗಿ ಕೂತಿದ್ದೆ.