ಬಂಗುಡೆಗೆ ಹೊಲಿಗೆ

ಹೆಂಡತಿ: ರೀ, ಆ ಕತ್ತರಿ ಕೆಳಗಿಡಿ ಮೊದ್ಲು! ಅದು ಬಟ್ಟೆ ಕತ್ತರಿ, ಮೀನಿನ ಕತ್ತರಿ ಅಲ್ಲ.

ಗಂಡ: ಮೀನು ಎಲ್ಲೇ ಕತ್ತರಿಸ್ದೆ? ಬರೀ ಲಂಗ ಕತ್ತರಿಸ್ತಿದೀನಿ.

ಹೆಂಡತಿ: ಯಾರ ಲಂಗ?!

ಗಂಡ: ಇವಳದು.

ಅವನು ಎತ್ತಿ ತೋರಿಸಿದ್ದು ಗೇಣುದ್ದದ, ಗಾಜಿನ ಕಣ್ಣಿನ ಒಂದು ಹುಸಿಮೀನು. ಅದರ ಕುತ್ತಿಗೆಯಿಂದ ಗುಲಾಬಿ ಬಣ್ಣದ ರಬ್ಬರ್ ಎಳೆಗಳು ಲಂಗದಂತೆ ಇಳಿಬಿದ್ದಿದ್ದವು. ಆಳಸಮುದ್ರದಲ್ಲಿ ಅದನ್ನು ದೋಣಿಯ ಹಿಂದೆ ಎಳೆದುಕೊಂಡು ಹೋದರೆ ದೊಡ್ಡ ಮೀನೊಂದು ನಂಬಿ ನುಂಗಬೇಕು, ಒಳಗಿನ ಗಾಳಕ್ಕೆ ಸಿಕ್ಕಬೇಕು. ಒಂಬತ್ತು ಭಾನುವಾರಗಳಿಂದ ಒಂದು ಮೀನೂ ನಂಬಿರಲಿಲ್ಲ.

ಗಂಡ ವಾರವಿಡೀ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವನು. ಭಾನುವಾರ ಬಂತೆಂದರೆ ಹೆಂಡತಿಯ ಅಣ್ಣನ ದೋಣಿ ಹತ್ತುವವನು. ಹೆಂಡತಿ ದರ್ಜಿ, ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಈ ಶನಿವಾರ ಮಧ್ಯಾಹ್ನ ಅಡುಗೆಮನೆಯ ಮೇಜು ಮಾತ್ರ ಪೂರ್ತಿ ಗಂಡನ ವಶವಾಗಿತ್ತು.

ಹೆಂಡತಿ: ಮುಂದೆ ಗಿಡ್ಡ, ಹಿಂದೆ ಉದ್ದ. ನಾನು ಹೀಗೆ ಲಂಗ ಹೊಲಿದಿದ್ರೆ ಗಿರಾಕಿಗಳು ಅಂಗಡಿಗೆ ಬೀಗ ಜಡಿಸ್ತಿದ್ರು.

ಗಂಡ: ಮೀನಿಗೇನು ಗೊತ್ತಾಗತ್ತೆ?

ಹೆಂಡತಿ: ಗೊತ್ತಾಗದೇನೇ ಒಂಬತ್ತು ವಾರ ಮೂತಿ ತಿರುಗಿಸ್ಕೊಂಡು ಹೋದ್ವಾ?

ಗಂಡ: ತಮಾಷೆ ಅಲ್ಲ ಕಣೇ. ನಿಮ್ಮಣ್ಣ ಖಡಾಖಂಡಿತ ಹೇಳ್ಬಿಟ್ಟಿದಾರೆ. ನಾನು ಏನೇ ಕಟ್ಟಿ ನೀರಿಗೆ ಬಿಡ್ಲಿ, ಗಿರಗಿರ ಸುತ್ತಿ ಎಲ್ಲರ ದಾರಾನೂ ಸೇರಿಸಿ ಜಡೆ ಹೆಣೆದುಬಿಡತ್ತೆ. ನಾಳೇನೂ ಹಾಗೇ ಆದ್ರೆ ದೋಣೀಲಿ ನನ್ನ ಜಾಗ, ಹತ್ತೋಕೆ ಕಾಯ್ತಿರೋ ಒಬ್ಬ ಹಲ್ಲಿನ ಡಾಕ್ಟರಿಗಂತೆ.

ಹೆಂಡತಿಯ ಮುಖದ ನಗು ಆರಿಹೋಯಿತು. ಗಂಡ ಭಾನುವಾರ ಮನೆಯಲ್ಲೇ ಉಳಿದರೆ ಹೊಲಿಗೆ ಯಂತ್ರದ ಪಕ್ಕ ಕುರ್ಚಿ ಎಳೆದುಕೊಂಡು, ‘ಕಾಜ ಇನ್ನೊಂಚೂರು ಎಡಕ್ಕೆ’ ಎಂದು ಬೆಳಗಿನಿಂದ ಸಂಜೆಯವರೆಗೆ ಸಲಹೆ ಕೊಡುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೆಂಡತಿ: ಸರ್ಕೊಳ್ಳಿ ಆಚೆ. ಏನ್ ಮಾಡ್ಬೇಕು ಹೇಳಿ.

ಗಂಡ: ಲಂಗದವಳು ಬೇಡ. ನಾಳೆಗೆ ನಿಜವಾದ ಬಂಗುಡೇನೇ ಗಾಳಕ್ಕೆ ಕೂರಿಸೋಣ. ಸೂಜಿ ದಾರ ತಗೋ.

ಅಷ್ಟರಲ್ಲಿ ಮುಂದಿನ ಕೋಣೆಗೆ ಹೆಡ್‌ಮಿಸ್ ಬಂದರು. ಹತ್ತಿರದ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ನೀಲಿ ಕೋಟಿನ ತೋಳು ಗಿಡ್ಡ ಮಾಡಲು ಕೊಟ್ಟಿದ್ದರು. ಕೂಗಿ ಕರೆಯಲೆಂದು ಬಾಯಿ ತೆರೆದವರು, ಪರದೆಯ ಆಚೆಯ ಮಾತು ಕಿವಿಗೆ ಬಿದ್ದು ನಿಂತಲ್ಲೇ ನಿಂತರು.

ಗಂಡ: ಮೊದ್ಲು ಬೆನ್ನುಮೂಳೆ ಮುರೀಬೇಕು. ಇಲ್ಲಾಂದ್ರೆ ಸೆಟೆದುಕೊಂಡೇ ಇರ್ತಾನೆ.

ಹೆಂಡತಿ: ಅಯ್ಯೋ, ಎಷ್ಟು ಕಡೆ ಮುರೀಲಿ?

ಗಂಡ: ಮೂರು ಕಡೆ. ಲಟಕ್ ಅನ್ಬೇಕು. ಹಾಂ, ಹಾಗೆ! ಇನ್ನು ಬಾಯಿ ಹೊಲಿ.

ಹೆಂಡತಿ: ಪೂರ್ತಿ?

ಗಂಡ: ಪೂರ್ತಿ. ಬಾಯಿ ತೆರೆದಿದ್ರೆ ನೀರು ನುಗ್ಗಿ ಹೊಟ್ಟೆ ಒಡೆದುಹೋಗತ್ತೆ.

ಹೆಂಡತಿ: ಇವನದಾಯ್ತು. ಉಳಿದವರು?

ಗಂಡ: ಐದು ಜನಕ್ಕೂ ಉಪ್ಪು ಸವರಿ ಫ್ರಿಜ್ಜಲ್ಲಿ ಮಲಗಿಸಿದೀನಿ.

ಹೆಂಡತಿ: ವಾಸನೆ ಬಂದು ಅಕ್ಕಪಕ್ಕದೋರು ಕೇಳಿದ್ರೆ?

ಗಂಡ: ನಾಳೆವರೆಗೆ ಹೇಗೋ ಸುಧಾರಿಸು. ಬೆಳಿಗ್ಗೆ ನಿಮ್ಮಣ್ಣನ ದೋಣೀಲಿ ತಗೊಂಡ್ಹೋಗಿ ಎಲ್ಲರನ್ನೂ ಸಮುದ್ರಕ್ಕೆ ಬಿಟ್ಬಿಡ್ತೀನಿ.

ಹೆಡ್‌ಮಿಸ್ ಮೂವತ್ತು ವರ್ಷ ಗದ್ದಲದ ತರಗತಿಗಳಿಗೆ ನುಗ್ಗಿ ಅಭ್ಯಾಸವಿದ್ದವರು. ಬಟ್ಟೆ ಅಳೆಯುವ ಕೋಲನ್ನು ಎತ್ತಿಕೊಂಡು, ಪರದೆ ಸರಿಸಿ ಒಳಗೆ ನುಗ್ಗಿದರು.

ಹೆಡ್‌ಮಿಸ್: ಇಬ್ರೂ ಕೈ ಮೇಲೆತ್ತಿ!

ಇಬ್ಬರೂ ಎತ್ತಿದರು. ಗಂಡನ ಬಲಗೈಯಲ್ಲಿ, ಹೊಟ್ಟೆಗೆ ಗಾಳ ಸಿಕ್ಕಿಸಿದ ಬಂಗುಡೆಯೊಂದು ಬಾಲ ಇಳಿಬಿಟ್ಟು ತೂಗಾಡುತ್ತಿತ್ತು.

ಹೆಡ್‌ಮಿಸ್: ಎಲ್ಲಿ ಅವರೆಲ್ಲ?

ಗಂಡ: ಯಾರು ಮೇಡಂ?

ಹೆಡ್‌ಮಿಸ್: ಫ್ರಿಜ್ಜಲ್ಲಿ ಮಲಗಿಸಿರೋ ಐದು ಜನ!

ಹೆಂಡತಿ ಒಂದು ಕೈ ಮಾತ್ರ ಇಳಿಸಿ ಫ್ರಿಜ್ಜಿನ ಬಾಗಿಲು ತೆರೆದಳು. ತಟ್ಟೆಯಲ್ಲಿ ಐದು ಬಂಗುಡೆಗಳು ಸಾಲಾಗಿ ಮಲಗಿದ್ದವು. ಹೆಡ್‌ಮಿಸ್ ಬಗ್ಗಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

ಹೆಡ್‌ಮಿಸ್: ಮೀನಿಗೆ ‘ಜನ’ ಅಂತಾರೇನ್ರೀ? ಇದ್ಯಾವ ವ್ಯಾಕರಣ?

ಗಂಡ: ಪ್ರೀತಿಯಿಂದ ಅಂದೆ ಮೇಡಂ.

ಹೆಡ್‌ಮಿಸ್: ಪ್ರೀತಿಯಿಂದ ಬೆನ್ನುಮೂಳೆ ಮುರಿದ್ರಾ?

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಫ್ರಿಜ್ಜಿಗೆ ಒರಗಿಕೊಂಡು ನಕ್ಕಳು. ಹೆಡ್‌ಮಿಸ್ ಕೂಡ ಕುರ್ಚಿಯಲ್ಲಿ ಕುಸಿದು, ಬೆವರು ಒರೆಸಿಕೊಂಡು, ಕೊನೆಗೆ ನಕ್ಕೇಬಿಟ್ಟರು. ನೀರು ಕುಡಿದ ಮೇಲೆ ಕನ್ನಡಕ ಸರಿಮಾಡಿಕೊಂಡು ಗಂಡನ ಕೈಯಲ್ಲಿದ್ದ ಬಂಗುಡೆಯನ್ನು ದಿಟ್ಟಿಸಿದರು.

ಹೆಡ್‌ಮಿಸ್: ಇದು ಸುತ್ತತ್ತೆ.

ಗಂಡ: ನೀವು ಯಾವಾಗ ಸಮುದ್ರಕ್ಕೆ ಹೋಗಿದ್ರಿ?

ಹೆಡ್‌ಮಿಸ್: ಸಮುದ್ರ ಯಾಕ್ರೀ? ಭೌತಶಾಸ್ತ್ರ ಸಾಕು. ಗಾಳ ಎಡಕ್ಕೆ ವಾಲಿದೆ. ಭಾರ ಒಂದೇ ಕಡೆ ಇಟ್ಟು ಎಳೆದ್ರೆ ಸುತ್ತದೆ ಇನ್ನೇನು, ಸೆಲ್ಯೂಟ್ ಹೊಡೆಯತ್ತಾ?

ಹೆಂಡತಿ: ಗಾಳ ಹೊಟ್ಟೆಯ ನಟ್ಟನಡುವೆ ಬರ್ಬೇಕು, ಅಷ್ಟೇ ತಾನೆ? ಅಂಗಿ ಗುಂಡಿಪಟ್ಟಿ ಕೂರಿಸಿದ ಹಾಗೆ! ಒಂಬತ್ತು ವಾರ ಇದನ್ನ ನನಗೆ ಹೇಳೋಕೆ ಏನಾಗಿತ್ತು ನಿಮಗೆ?

ಗಂಡ: ನೀನು ‘ಮೀನಿನ ಸುದ್ದಿ ನನ್ನ ಹತ್ರ ತರ್ಬೇಡಿ’ ಅಂದಿದ್ದೆ.

ಹೆಂಡತಿ: ಸುದ್ದಿ ತರ್ಬೇಡಿ ಅಂದೆ. ಮೀನು ತರ್ಬೇಡಿ ಅಂದ್ನಾ?

ಅವಳು ಟೇಪು ಹಿಡಿದು ನಡುಭಾಗ ಗುರುತಿಸಿ, ಗಾಳವನ್ನು ಬಿಚ್ಚಿ ಕೂರಿಸಿ, ಕಾಣದಂಥ ಸಣ್ಣ ಹೊಲಿಗೆ ಹಾಕಿದಳು. ಮೂವರೂ ಹಿತ್ತಲಿನ ಬಟ್ಟೆ ಒಗೆಯುವ ತೊಟ್ಟಿಗೆ ಓಡಿದರು. ಗಂಡ ದಾರ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆದ. ಬಂಗುಡೆ ಸುತ್ತಲಿಲ್ಲ. ಬಾಲ ಬಳುಕಿಸುತ್ತ, ಮನೆಗೆ ಹೊರಟಂತೆ ನೆಟ್ಟಗೆ ಈಜಿತು.

ಹೆಡ್‌ಮಿಸ್: ಹೋಗ್ತಿದಾನೆ! ನೋಡ್ರೀ, ಜೀವ ಬಂದ ಹಾಗೆ ಹೋಗ್ತಿದಾನೆ! ಇಲ್ಲಿ ಕೊಡಿ, ಒಂದ್ಸಲ ನಾನು ಎಳೀತೀನಿ.

ಒಂದು ಸಲವೆಂದು ಎಂಟು ಸಲ ಎಳೆದರು. ಉಳಿದ ಐದಕ್ಕೂ ಹೊಲಿಗೆ ಬಿದ್ದು ಮುಗಿಯುವ ತನಕ ಬಾಲ ಹಿಡಿದುಕೊಂಡು ಕೂತು, ಕೋಟು ಮರೆತು ಮನೆಗೆ ಹೋದರು.

ಭಾನುವಾರ ಮಧ್ಯಾಹ್ನ ಗಂಡ ಗೇಟಿನಿಂದಲೇ ಕೂಗುತ್ತ ಬಂದ.

ಗಂಡ: ಸಿಕ್ತು ಕಣೇ! ಟ್ಯೂನಾ! ನಿಮ್ಮಣ್ಣ, ನಾನು, ಇಬ್ರೂ ಸೇರಿ ಎತ್ತಿದ್ರೂ ಏಳ್ಲಿಲ್ಲ. ನನ್ನ ಜಾಗ ನನಗೇ! ದೋಣಿ ಇರೋವರೆಗೂ ನನಗೇ ಅಂದ್ಬಿಟ್ರು!

ಹೆಂಡತಿ: ಅಬ್ಬಾ, ಬದುಕಿದೆ! ಅಣ್ಣ ಹೊಲಿಗೆ ನೋಡಿದ್ನಾ?

ಗಂಡ: ನೋಡದೇ ಇರ್ತಾರಾ? ಭೂತಗನ್ನಡಿ ಹಿಡ್ಕೊಂಡು ನೋಡಿದ್ರು. ‘ಭಾವ, ಯಾರು ಹೊಲಿದಿದ್ದು ಇದು?’ ಅಂದ್ರು.

ಹೆಂಡತಿ: ನೀವೇನಂದ್ರಿ?

ಗಂಡ: ನಾನಾ? ನಾನು... ಸುಮ್ನೆ ನಕ್ಕೆ.

ಹೆಂಡತಿ: ಅಷ್ಟೇನಾ?

ಗಂಡ: ಆಮೇಲೆ ಒಂಚೂರು ಮಾತಾಡ್ದೆ.

ಹೆಂಡತಿ: ಏನಂತ?

ಗಂಡ: ಚಿಕ್ಕಂದಿನಿಂದ ನನ್ನ ಕೈಗೆ ಹೊಲಿಗೆ ಒಲಿದಿದೆ ಅಂತ.

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

ಹೆಂಡತಿ: ನಂಬಿದ್ನಾ?

ಗಂಡ: ಪೂರ್ತಿ ನಂಬಿದ್ರು. ಅದೇ ಈಗ ತೊಂದರೆ. ಮುಂದಿನ ಭಾನುವಾರ ದಡದಲ್ಲಿ ಎಲ್ಲ ದೋಣಿಯವರನ್ನೂ ಸೇರಿಸ್ತಾರಂತೆ. ಅವರ ಕಣ್ಣೆದುರಿಗೆ ನಾನು ಒಂದು ಬಂಗುಡೆ ಹೊಲಿದು ತೋರಿಸ್ಬೇಕಂತೆ. ಒಂದು ವಾರ ಇದೆ. ಕಲಿಸಿಕೊಡು, ನಿನ್ ದಮ್ಮಯ್ಯ!

ಹೆಂಡತಿ ನಕ್ಕು ನಕ್ಕು ನೆಲದ ಮೇಲೇ ಕೂತಳು. ಕಣ್ಣೊರೆಸಿಕೊಂಡು ಎದ್ದು, ಗಂಡನನ್ನು ಬೆಳಕಿಗೆ ಕೂರಿಸಿ, ಕೈಗೆ ದಾರದ ಎಳೆ ಕೊಟ್ಟು, ಹೊಲಿಗೆ ಸಾಮಾನಿನ ಡಬ್ಬಿ ಮುಂದಿಟ್ಟಳು.

ಹೆಂಡತಿ: ಸೂಜಿ ತಗೊಂಡು ದಾರ ಪೋಣಿಸಿ, ನೋಡೋಣ.

ಅವನು ನಾಲಿಗೆ ಕಚ್ಚಿಕೊಂಡು, ಒಂದು ಕಣ್ಣು ಮುಚ್ಚಿ, ಕಾಲು ಗಂಟೆ ಹೆಣಗಿದ.

ಗಂಡ: ಆಗ್ತಿಲ್ಲ ಕಣೇ. ತೂತೇ ಕಾಣಲ್ಲ.

ಹೆಂಡತಿ: ಕನ್ನಡಕ ಹಾಕ್ಕೊಳ್ಳಿ.

ಗಂಡ: ಹಾಕ್ಕೊಂಡೇ ಇದೀನಿ.

ಹೆಂಡತಿ: ಹಾಗಾದ್ರೆ ಸೂಜಿ ತಗೊಳ್ಳಿ. ನಿಮ್ಮ ಕೈಯಲ್ಲಿರೋದು ಗುಂಡುಪಿನ್ನು.